ಪ್ಲೇಟು ಹಚ್ಚುವ ಮೊದಲು: ಟರ್ನ್‌ಟೇಬಲ್‌ನ ಸ್ಪ್ರಿಂಗ್, ಸೂಜಿ ಮತ್ತು ನಮ್ಮ ವೈಬ್ರೇಶನ್ ಪಾಠ

ನಮ್ಮ ಜಿಲ್ಲೆಯ ಹಳೇ ಮನೆಗಳ ಅಟ್ಟದ ಮೇಲೆ, ಟ್ರಂಕಿನ ಒಳಗೆ, ಇವತ್ತಿಗೂ ಗ್ರಾಮೊಫೋನ್ ಪ್ಲೇಟುಗಳು ಸಿಗ್ತವೆ. ಸಿಗದೆ ಇದ್ದರೇ ಆಶ್ಚರ್ಯ. ಇದು ಹಾಡು ಮತ್ತು ನಾಟಕದ ಸೀಮೆ. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಈಗಲೂ ಟೆಂಟ್ ಹಾಕ್ತವೆ. 'ರಕ್ತರಾತ್ರಿ' ಬರೆದ ಕಂದಗಲ್ಲ ಹನುಮಂತರಾಯರು ಹುನಗುಂದ-ಇಳಕಲ್ ಸೀಮೆಯವರು. 1943ರ 'ಕಿಸ್ಮತ್' ಸಿನಿಮಾದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದ ಅಮೀರಬಾಯಿ ಕರ್ನಾಟಕಿ ಹುಟ್ಟಿದ್ದು ನಮ್ಮ ಬೀಳಗಿಯಲ್ಲಿ. ಪಕ್ಕದ ಗದಗ-ಧಾರವಾಡ ಕಡೆ ಬಂದರೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಭೀಮಸೇನರ ಮೊದಲ ಪ್ಲೇಟು ಎಚ್‌ಎಂವಿಯಿಂದ ಬಂದದ್ದು 1942ರಲ್ಲಿ. ಅದರಲ್ಲಿದ್ದದ್ದು ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳು.

ಇವುಗಳಲ್ಲಿ ಪ್ರಸಿದ್ಧವಾದವು ಯೂಟ್ಯೂಬಿನಲ್ಲಿ ಸಿಗಬಹುದು. ಆದರೆ ಒಂದು ನಾಟಕದ ಹಾಡಿನ ಪ್ಲೇಟು, ಒಂದು ಊರಿನ ಭಜನೆಯ ಪ್ಲೇಟು ಎಲ್ಲೂ ಸಿಗದೇ ಇರಬಹುದು. ನಿಮ್ಮ ಅಜ್ಜನ ಟ್ರಂಕಿನಲ್ಲಿರೋದೇ ಉಳಿದ ಕೆಲವೇ ಪ್ರತಿಗಳಲ್ಲಿ ಒಂದಾಗಿರಬಹುದು. ರಜೆಯಲ್ಲಿ ಅದನ್ನ ಕೆಳಗಿಳಿಸಿ, ಯಾರದೋ ಹಳೇ ಪ್ಲೇಯರ್ ತಂದು, "ಹಾಡ್ತೈತೋ ಇಲ್ಲೋ ನೋಡೋಣ" ಅಂತ ಹಚ್ಚೋದು ಸಹಜ. ತೊಂದರೆ ಇರೋದು ಅಲ್ಲೇ. ಫೈಲ್ ತೆರೆದು ನೋಡಿದರೆ ಫೈಲ್ ಸವೆಯೋದಿಲ್ಲ. ಪ್ಲೇಟು ಸವೀತದೆ. ಸೂಜಿ ವಾರೆಯಾಗಿದ್ದರೆ, ತೂಕ ತಪ್ಪಿದ್ದರೆ ಗೆರೆಯ ಗೋಡೆಯಲ್ಲಿರುವ ಸಣ್ಣ ಅಲೆಗಳು, ಅಂದ್ರೆ ಹೈ ಫ್ರೀಕ್ವೆನ್ಸಿ, ಒಂದೇ ಸಲಕ್ಕೆ ಕೆತ್ತಿಹೋಗಬಹುದು. ಅದಕ್ಕೆ ಅನ್‌ಡೂ ಬಟನ್ ಇಲ್ಲ.

ಆದ್ದರಿಂದ ಈ ಪಾಠದ ಒಟ್ಟು ಮಾತು ಇಷ್ಟೇ: ಮೊದಲು ಅಳತೆ, ಆಮೇಲೆ ಹಾಡು. ಬೇಕಾಗೋದು ಮೂರನೇ, ನಾಲ್ಕನೇ ಸೆಮಿಸ್ಟರಿನ ಗಣಿತ, ಒಂದು ಸ್ಟೀಲ್ ಸ್ಕೇಲು, ಒಂದು ಸ್ಪಿರಿಟ್ ಲೆವೆಲ್, ಬಂಗಾರದ ಅಂಗಡಿಯವರು ಬಳಸುವಂಥ ಒಂದು ಸಣ್ಣ ತೂಕದ ಯಂತ್ರ. ಬೇರೆ ಬ್ರ್ಯಾಂಚಿನವರೂ ಹೆದರಬೇಕಾಗಿಲ್ಲ.

1. ಮೊದಲು ಪ್ಲೇಟು ಯಾವುದು ನೋಡ್ರಿ

ಹಳೇ ಪ್ಲೇಟುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಭಾರವಾಗಿ, ಗಡುಸಾಗಿ, ಬಿದ್ದರೆ ಹಂಚಿನಂಗೆ ಒಡೆಯೋದು 78 ಆರ್‌ಪಿಎಂನ ಶೆಲ್ಯಾಕ್ ಪ್ಲೇಟು. ಶೆಲ್ಯಾಕ್ ಅಂದ್ರೆ ಅರಗು. ಅದರ ಜೊತೆ ಕಲ್ಲಿನ ಪುಡಿಯಂಥ ಗಡುಸು ಪುಡಿ ಸೇರಿಸಿ ಒತ್ತಿರ್ತಾರೆ. ಬಾಗುವ, ಹಗುರವಾದ ಪ್ಲೇಟು ವಿನೈಲ್: ದೊಡ್ಡದು 33⅓, ಸಣ್ಣದು ಸಾಮಾನ್ಯವಾಗಿ 45.

ಇವೆರಡಕ್ಕೂ ಸೂಜಿ ಬೇರೆ. 78ರ ಗೆರೆ ಅಗಲ. ಅದಕ್ಕೆ ತುದಿಯ ತ್ರಿಜ್ಯ ಸುಮಾರು 76 ಮೈಕ್ರಾನ್ ಇರುವ ಸೂಜಿ ಬೇಕು. ವಿನೈಲ್‌ಗೆ ಸಾದಾ ದುಂಡು ಸೂಜಿಯ ತ್ರಿಜ್ಯ ಸುಮಾರು 18 ಮೈಕ್ರಾನ್. ವಿನೈಲ್ ಸೂಜಿಯನ್ನ 78ರ ಮೇಲೆ ಇಟ್ಟರೆ ಅದು ಗೋಡೆಗೆ ತಾಗದೆ ತಳದ ಧೂಳಿನಲ್ಲಿ ಹೊರಳಾಡ್ತದೆ. 78ರ ಸೂಜಿಯನ್ನ ವಿನೈಲ್ ಮೇಲೆ ಇಟ್ಟರೆ ಗೆರೆಯ ಅಂಚೇ ಹಾಳು. ಕೀ ಕೊಟ್ಟು ತಿರುಗಿಸುವ ಹಳೇ ಗ್ರಾಮೊಫೋನಿನ ಉಕ್ಕಿನ ಪಿನ್ನನ್ನಂತೂ ವಿನೈಲ್ ಹತ್ತಿರ ತರಲೇಬಾರದು.

ತೊಳೆಯುವಾಗಲೂ ಒಂದು ಎಚ್ಚರಿಕೆ: ಸ್ಪಿರಿಟ್ ಅಥವಾ ಆಲ್ಕೊಹಾಲ್ ಶೆಲ್ಯಾಕನ್ನ ಕರಗಿಸ್ತದೆ. ಲ್ಯಾಬಿನಿಂದ ಐಸೊಪ್ರೊಪೈಲ್ ತಂದು 78ರ ಮೇಲೆ ಸುರಿದರೆ ಹಾಡು ಬಟ್ಟೆಗೆ ಬರ್ತದೆ. ಮೆತ್ತನೆ ಬ್ರಷ್, ಡಿಸ್ಟಿಲ್ಡ್ ವಾಟರ್, ಒಂದೆರಡು ಹನಿ ಸೌಮ್ಯ ಸೋಪು ಸಾಕು. ಲೇಬಲ್ ಒದ್ದೆಯಾಗದಂಗೆ ನೋಡ್ಕೊಳ್ಳಿ.

2. ನೆಲದಿಂದ ಬರುವ ಕಂಪನ

ಗೆರೆಯೊಳಗಿನ ಸಣ್ಣ ಅಲೆಗಳು ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಅಳತೆಯವು. ಸೂಜಿಗೆ ಹಾಡಿನ ಕಂಪನ ಯಾವುದು, ನೆಲದ ಕಂಪನ ಯಾವುದು ಅನ್ನೋ ಭೇದ ಗೊತ್ತಿಲ್ಲ. ಎರಡನ್ನೂ ಒಂದೇ ನಿಷ್ಠೆಯಿಂದ ಸ್ಪೀಕರಿಗೆ ಕಳಿಸ್ತದೆ. ಅದಕ್ಕೇ ಪ್ಲ್ಯಾಟರನ್ನೂ ಆರ್ಮನ್ನೂ ಒಂದೇ ಚೌಕಟ್ಟಿನ ಮೇಲೆ ಕೂಡಿಸಿ, ಆ ಚೌಕಟ್ಟನ್ನ ಮೂರು ಸ್ಪ್ರಿಂಗ್ ಮೇಲೆ ತೂಗಿಬಿಡುವ ವಿನ್ಯಾಸ ಬಂತು. ಇದಕ್ಕೆ ಸಬ್‌ಚಾಸಿ ಅಂತಾರೆ. 1961ರ ಅಕೂಸ್ಟಿಕ್ ರಿಸರ್ಚ್ ಟರ್ನ್‌ಟೇಬಲ್ ಈ ದಾರಿಯನ್ನ ಜನಪ್ರಿಯ ಮಾಡಿತು. ಥೋರೆನ್ಸ್ ಟಿಡಿ 150, ಲಿನ್ ಸೊಂಡೆಕ್ ಅದೇ ದಾರಿಯವು. ಹಳೇ ಗೆರಾರ್ಡ್ ಚೇಂಜರ್‌ಗಳಲ್ಲಿ ಇಡೀ ಮೋಟರ್ ಪ್ಲೇಟೇ ಮೂಲೆಗಳ ಸ್ಪ್ರಿಂಗ್ ಮೇಲೆ ಕೂತಿರ್ತದೆ.

ಸ್ಪ್ರಿಂಗ್ ಮೇಲೆ ದ್ರವ್ಯರಾಶಿ ಅಂದಕೂಡಲೇ ನಮಗೆ ಗೊತ್ತಿರುವ ಲೆಕ್ಕ ಇದು. ಭಾರ ಹಾಕಿದಾಗ ಸ್ಪ್ರಿಂಗ್ ಎಷ್ಟು ಮಿ.ಮೀ. ಕುಗ್ಗಿತು ಅನ್ನೋದರಿಂದಲೇ ಸಹಜ ಆವೃತ್ತಿ ಸಿಗ್ತದೆ:

ಸಹಜ ಆವೃತ್ತಿ (ಹರ್ಟ್ಸ್) = 15.8 ÷ √(ಕುಗ್ಗಿದ ಮಿ.ಮೀ.)

16 ಮಿ.ಮೀ. ಕುಗ್ಗಿದರೆ 15.8 ÷ 4, ಅಂದ್ರೆ ಸುಮಾರು 4 ಹರ್ಟ್ಸ್. ಒಳ್ಳೆ ಸ್ಪ್ರಿಂಗ್ ಟರ್ನ್‌ಟೇಬಲ್‌ಗಳು ಹೆಚ್ಚುಕಮ್ಮಿ 3ರಿಂದ 5 ಹರ್ಟ್ಸ್ ನಡುವೆ ಇರ್ತವೆ.

ಇನ್ನು ಎಷ್ಟು ಕಂಪನ ಮೇಲೆ ದಾಟ್ತದೆ? ಡ್ಯಾಂಪಿಂಗ್ ಬಿಟ್ಟು ಲೆಕ್ಕ ಹಾಕಿದರೆ, ಹೊರಗಿನ ಆವೃತ್ತಿಯನ್ನ ಸಹಜ ಆವೃತ್ತಿಯಿಂದ ಭಾಗಿಸಿ, ಬಂದದ್ದನ್ನ ವರ್ಗ ಮಾಡಿ, 1 ಕಳೆದು, ಆ ಸಂಖ್ಯೆಯಿಂದ 1ನ್ನು ಭಾಗಿಸಬೇಕು. 4 ಹರ್ಟ್ಸ್ ಸ್ಪ್ರಿಂಗಿಗೆ 25 ಹರ್ಟ್ಸ್ ಕಂಪನ ಬಂದರೆ ಅನುಪಾತ 6.25, ದಾಟುವುದು ಸುಮಾರು 0.026, ನೂರಕ್ಕೆ ಎರಡೂವರೆ ಪಾಲು. ಬಹಳ ಚೆನ್ನಾಯ್ತು. ಆದರೆ 2 ಹರ್ಟ್ಸ್ ಬಂದರೆ? ಅನುಪಾತ 0.5, ಚಿಹ್ನೆ ಬಿಟ್ಟರೆ 1.33. ಕಡಿಮೆಯಾಗೋ ಬದಲು ಹೆಚ್ಚಾಯ್ತು! 4 ಹರ್ಟ್ಸೇ ಬಂದರೆ ರೆಸೊನೆನ್ಸ್. ಸೂಜಿ ಕುಣಿದು ಬಿಡ್ತದೆ.

ಈಗ ನಮ್ಮ ಊರಿಗೆ ಬನ್ನಿ. ಇಳಕಲ್, ಗುಳೇದಗುಡ್ಡದ ಓಣಿಯಲ್ಲಿ ಪಕ್ಕದ ಮನೆಯಲ್ಲೇ ಪವರ್‌ಲೂಮ್ ಇರಬಹುದು. ನಿಮಿಷಕ್ಕೆ 120 ಸಲ ಲಾಳಿ ಹೊಡೆಯುವ ಮಗ್ಗ ಅಂತ ಹಿಡಿದರೆ ಅದು 2 ಹರ್ಟ್ಸ್. ಹೊಡೆತ ಸೈನ್ ಅಲೆಯಲ್ಲ, ಪೆಟ್ಟು. ಆದ್ದರಿಂದ ಅದರ ಎರಡು ಪಟ್ಟು, ಮೂರು ಪಟ್ಟು ಆವೃತ್ತಿಯೂ ಜೊತೆಗೆ ಬರ್ತದೆ. ಎರಡು ಪಟ್ಟು ಅಂದ್ರೆ ಸರಿಯಾಗಿ ನಮ್ಮ 4 ಹರ್ಟ್ಸ್. ತಲೆ ಮೇಲಿನ ಫ್ಯಾನು ನಿಮಿಷಕ್ಕೆ 300 ಸುತ್ತು ತಿರುಗಿದರೆ 5 ಹರ್ಟ್ಸ್. ಮನುಷ್ಯ ನಡೆಯೋದು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ. "ಸ್ಪ್ರಿಂಗ್ ಐತಲ್ಲ, ಎಲ್ಲಿಟ್ಟರೂ ನಡೀತದ" ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ.

ಏನು ಮಾಡಬೇಕು? ಬಾದಾಮಿ ಕಡೆಯ ಕಲ್ಲುಹಾಸಿನ ನೆಲ, ಕೆಳಮನೆ, ದಪ್ಪ ಗೋಡೆ ಸಿಕ್ಕರೆ ಅರ್ಧ ಕೆಲಸ ಮುಗೀತು. ತೊಲೆ-ಜಂತಿಯ ಅಟ್ಟ ಬೇಡ. ಅದೇ ಒಂದು ದೊಡ್ಡ ಸ್ಪ್ರಿಂಗು. ಸ್ಪ್ರಿಂಗ್ ಇರುವ ಟರ್ನ್‌ಟೇಬಲ್‌ಗೆ ಗೋಡೆಗೆ ಬಿಗಿದ ಹಗುರ, ಗಟ್ಟಿ ಶೆಲ್ಫ್ ಒಳ್ಳೇದು. ಮಗ್ಗದ ಕಡೆಯ ಗೋಡೆಯಲ್ಲ, ಎದುರು ಗೋಡೆ. ಸ್ಪೀಕರ್ ಅದೇ ಮೇಜಿನ ಮೇಲೆ ಬೇಡ.

ಸ್ಪ್ರಿಂಗ್ ಇಲ್ಲದ ಟರ್ನ್‌ಟೇಬಲ್ ಇದ್ದರೆ? ಇಳಕಲ್ ಗ್ರಾನೈಟ್ ಇದೆಯಲ್ಲ. ಕಲ್ಲು ಕತ್ತರಿಸುವ ಕಡೆ ಉಳಿದ ತುಂಡೊಂದನ್ನ ಕೇಳಿ ತನ್ನಿ. 45 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪ ಇದ್ದರೆ ಗಾತ್ರ 3150 ಘನ ಸೆಂ.ಮೀ.; ಸಾಂದ್ರತೆ 2.65 ಅಂತ ಹಿಡಿದರೆ ತೂಕ ಸುಮಾರು 8.3 ಕೆ.ಜಿ. ಬರೀ ಕಲ್ಲನ್ನ ನೆಲದ ಮೇಲಿಟ್ಟರೆ ದೊಡ್ಡ ಲಾಭವಿಲ್ಲ, ಗಟ್ಟಿಗೆ ಗಟ್ಟಿ ಸೇರ್ತದೆ ಅಷ್ಟೆ. ಅದರ ಕೆಳಗೆ ಒಂದು ಸಣ್ಣ ಸೈಕಲ್ ಟ್ಯೂಬನ್ನ ಅರೆಬರೆ ಗಾಳಿ ತುಂಬಿ ಇಡಿ. ಗಾಳಿಯೇ ಸ್ಪ್ರಿಂಗ್. ಗಾಳಿ ಕಡಿಮೆ ಇದ್ದಷ್ಟೂ ಆವೃತ್ತಿ ಕಡಿಮೆ, ಆದರೆ ಕಲ್ಲು ನೆಲಕ್ಕೆ ತಾಗಬಾರದು. ಟ್ಯೂಬಿಗೆ ಮೇಲಿನ ಕುಗ್ಗುವಿಕೆಯ ಸೂತ್ರ ಹಚ್ಚಬೇಡಿ, ಅದು ನೇರ ಸ್ಪ್ರಿಂಗ್ ಅಲ್ಲ, ಅಳೆದೇ ನೋಡಿ. ಕಲ್ಲಿನ ಮೇಲೆ ಫೋನ್ ಇಟ್ಟು ಫೈಫಾಕ್ಸ್ ಆ್ಯಪ್ ತೆರೆದು, ಕಲ್ಲನ್ನ ಮೆಲ್ಲಗೆ ಒತ್ತಿ ಬಿಡಿ. ಗ್ರಾಫಿನಲ್ಲಿ ಒಂದು ಸೆಕೆಂಡಿಗೆ ಎಷ್ಟು ಏರಿಳಿತ ಅಂತ ಎಣಿಸಿ. ಸ್ಪ್ರಿಂಗ್ ಟರ್ನ್‌ಟೇಬಲ್ ಕೆಳಗೆ ಮಾತ್ರ ಈ ಟ್ಯೂಬ್ ಬೇಡ. ಸ್ಪ್ರಿಂಗ್ ಮೇಲೆ ಸ್ಪ್ರಿಂಗ್ ಬಂದರೆ ಎರಡು ರೆಸೊನೆನ್ಸ್ ಹುಟ್ಟಿ ಒಂದನ್ನೊಂದು ಕೆಣಕ್ತವೆ.

3. ಸ್ಪ್ರಿಂಗ್ ಹೊಂದಿಸುವ ಕ್ರಮ

ಮೊದಲು ಪ್ಲಗ್ ಕಿತ್ತುಬಿಡಿ. ಅಡಿಯಲ್ಲಿ 230 ವೋಲ್ಟ್ ಇರ್ತದೆ.

ಅ) ಸಾಗಣೆಗಾಗಿ ಬಿಗಿದ ಟ್ರಾನ್ಸಿಟ್ ಸ್ಕ್ರೂಗಳು ಇವೆಯೇ ನೋಡಿ. ಹಳೇ ಪ್ಲೇಯರ್ ಕೊಂಡು ತಂದವರಲ್ಲಿ ಬಹಳ ಮಂದಿ ಇವನ್ನ ಸಡಿಲಿಸೋದೇ ಇಲ್ಲ. ಸ್ಪ್ರಿಂಗ್ ಇದ್ದೂ ಇಲ್ಲದಂಗೆ.

ಆ) ಹೊರಗಿನ ಪೆಟ್ಟಿಗೆಯನ್ನ ಸ್ಪಿರಿಟ್ ಲೆವೆಲ್ ಇಟ್ಟು ಸಮಮಟ್ಟ ಮಾಡಿ. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ.

ಇ) ಹಾಡುವಾಗ ಇರುವ ಭಾರವೆಲ್ಲ ಈಗಲೇ ಇರಬೇಕು: ಬೆಲ್ಟ್, ಮ್ಯಾಟ್, ಒಂದು ಬೇಡವಾದ ಪ್ಲೇಟು, ಕಾರ್ಟ್ರಿಜ್ ಕಟ್ಟಿದ ಆರ್ಮ್, ಅಂದಾಜು ತೂಕಕ್ಕೆ ಇಟ್ಟ ಕೌಂಟರ್‌ವೇಟ್. ಆಮೇಲೆ ಕಾರ್ಟ್ರಿಜ್ ಒಂದೆರಡು ಮಿ.ಮೀ. ಸರಿದರೂ ಈ ಸಮತೋಲ ಅಷ್ಟಾಗಿ ಕೆಡೋದಿಲ್ಲ.

ಈ) ಪ್ಲ್ಯಾಟರ್ ಮೇಲೆ ಸಣ್ಣ, ಹಗುರ ಲೆವೆಲ್ ಇಡಿ. ಮೂರು ಸ್ಪ್ರಿಂಗಿನ ನಟ್‌ಗಳನ್ನ ಒಂದೊಂದಾಗಿ, ಅರ್ಧ ಸುತ್ತಿನಂತೆ ತಿರುಗಿಸಿ. ಕೆಲವಕ್ಕೆ ಮೇಲಿಂದ, ಕೆಲವಕ್ಕೆ ಅಡಿಯಿಂದ ತಿರುಗಿಸಬೇಕು. ಅಡಿಯಿಂದಾದರೆ ಎರಡು ಕಡೆ ಸಮ ಎತ್ತರದ ಆಸರೆ ಕೊಟ್ಟು ಪೆಟ್ಟಿಗೆಯನ್ನ ಎತ್ತರಿಸಿಕೊಳ್ಳಿ. ತಲೆಕೆಳಗು ಮಾಡಿ ಹೊಂದಿಸಿದರೆ ಪ್ರಯೋಜನವಿಲ್ಲ, ಗುರುತ್ವವೂ ತಲೆಕೆಳಗು.

ಉ) ಸಮಮಟ್ಟ ಬಂದ ಮೇಲೆ ಕುಣಿತದ ಪರೀಕ್ಷೆ. ನಡುವಿನ ಸ್ಪಿಂಡಲ್ ಹತ್ತಿರ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಪ್ಲ್ಯಾಟರ್ ಪಿಸ್ಟನ್ನಿನಂಗೆ ನೆಟ್ಟಗೆ ಮೇಲೆ-ಕೆಳಗೆ ಆಡಬೇಕು. ಅಡ್ಡ ಓಲಾಡಿದರೆ ಎರಡು ಅನುಮಾನ: ಒಂದು, ಸ್ಪ್ರಿಂಗ್ ತಿರುಚಿಕೊಂಡು ಕೂತಿದೆ, ಅದನ್ನ ತನ್ನ ಅಕ್ಷದಲ್ಲೇ ಸ್ವಲ್ಪ ತಿರುಗಿಸಿ ನೋಡಿ. ಎರಡು, ಆರ್ಮಿನಿಂದ ಇಳಿಯುವ ಕೇಬಲ್ ಬಿಗಿಯಾಗಿ ಎಳೀತಿದೆ. ಅದಕ್ಕೆ ಸಡಿಲವಾದ ಒಂದು ಕುಣಿಕೆ ಬಿಟ್ಟು ಪೆಟ್ಟಿಗೆಗೆ ಸಿಕ್ಕಿಸಿ.

ಫೋನಿನ ಸ್ಲೋ ಮೋಶನ್ ಇಲ್ಲಿ ಉಪಯೋಗಕ್ಕೆ ಬರ್ತದೆ. ಸೆಕೆಂಡಿಗೆ 240 ಫ್ರೇಮಿನಲ್ಲಿ ಚಿತ್ರೀಕರಿಸಿ. ಒಂದು ಪೂರ್ತಿ ಏರಿಳಿತಕ್ಕೆ 60 ಫ್ರೇಮ್ ಆದರೆ 4 ಹರ್ಟ್ಸ್.

4. ಆರ್ಮ್ ಮತ್ತು ಕಾರ್ಟ್ರಿಜ್ ಜೋಡಿ ಹೊಂದ್ತದೆಯೇ?

ಸೂಜಿಯನ್ನ ಹಿಡಿದ ಸಣ್ಣ ಕ್ಯಾಂಟಿಲಿವರ್ ಕೂಡ ಒಂದು ಸ್ಪ್ರಿಂಗೇ; ಆರ್ಮ್ ಅದರ ದ್ರವ್ಯರಾಶಿ. ಅದರ ಸೂತ್ರ:

ಆವೃತ್ತಿ = 159 ÷ √(ಒಟ್ಟು ಪರಿಣಾಮಿ ದ್ರವ್ಯರಾಶಿ × ಕಂಪ್ಲಯನ್ಸ್)

ದ್ರವ್ಯರಾಶಿ ಗ್ರಾಂನಲ್ಲಿ, ಕಂಪ್ಲಯನ್ಸ್ ಮಿಲಿನ್ಯೂಟನ್‌ಗೆ ಇಷ್ಟು ಮೈಕ್ರಾನ್ ಅಂತ. ಆರ್ಮ್ 12 ಗ್ರಾಂ, ಕಾರ್ಟ್ರಿಜ್ 6, ಸ್ಕ್ರೂ ಅರ್ಧ, ಒಟ್ಟು 18.5, ಕಂಪ್ಲಯನ್ಸ್ 15 ಇದ್ದರೆ ಉತ್ತರ ಸುಮಾರು 9.5 ಹರ್ಟ್ಸ್. 8ರಿಂದ 12ರ ನಡುವೆ ಬಂದರೆ ಒಳ್ಳೇದು. ಕಾರಣ ನೋಡಿ: ಬಾಗಿದ ಪ್ಲೇಟಿನ ಏರಿಳಿತ ಮತ್ತು ಸಬ್‌ಚಾಸಿಯ ಕುಣಿತ ಇದಕ್ಕಿಂತ ಕೆಳಗಿರ್ತವೆ, ಹಾಡು ಶುರುವಾಗೋದು 20ರ ಮೇಲೆ. ಎರಡರ ನಡುವಿನ ಖಾಲಿ ಜಾಗದಲ್ಲಿ ಈ ರೆಸೊನೆನ್ಸ್ ಕೂತರೆ ಯಾರಿಗೂ ತೊಂದರೆಯಿಲ್ಲ. ಕೆಲವು ಕಂಪನಿಗಳು ಕಂಪ್ಲಯನ್ಸನ್ನ 100 ಹರ್ಟ್ಸ್‌ನಲ್ಲಿ ಅಳೆದು ಹೇಳ್ತವೆ. ಅಂಥ ಸಂಖ್ಯೆಯನ್ನ ಅಂದಾಜು ಒಂದೂವರೆಯಿಂದ ಎರಡು ಪಟ್ಟು ಮಾಡಿ ಈ ಸೂತ್ರಕ್ಕೆ ಹಾಕಬೇಕು.

5. ಕೋನ: ಎರಡು ಬಿಂದುಗಳ ಲೆಕ್ಕ

ಪ್ಲೇಟು ಕತ್ತರಿಸುವ ಯಂತ್ರದ ತಲೆ ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಹೋಗ್ತದೆ. ನಮ್ಮ ಆರ್ಮ್ ಒಂದು ಪಿವಟ್ ಮೇಲೆ ತಿರುಗುವುದರಿಂದ ಸೂಜಿ ಚಾಪದಲ್ಲಿ ಹೋಗ್ತದೆ. ಹೀಗಾಗಿ ಎಲ್ಲ ಕಡೆಯೂ ಗೆರೆಗೆ ಸರಿಯಾಗಿ ಸ್ಪರ್ಶಕವಾಗಿ ಇರೋದು ಅಸಾಧ್ಯ. ಉಪಾಯ ಏನಂದ್ರೆ, ಆರ್ಮಿನ ತುದಿಯನ್ನ ಸ್ವಲ್ಪ ಬಾಗಿಸಿ, ಸೂಜಿ ಸ್ಪಿಂಡಲನ್ನ ದಾಟಿ ಸ್ವಲ್ಪ ಮುಂದೆ ಚಾಚುವಂತೆ ಮಾಡೋದು. ಆಗ ಎರಡು ತ್ರಿಜ್ಯಗಳಲ್ಲಿ ತಪ್ಪು ಸೊನ್ನೆ ಆಗ್ತದೆ, ಉಳಿದ ಕಡೆ ಸಣ್ಣದಾಗಿ ಉಳೀತದೆ. 1924ರಲ್ಲಿ ಪರ್ಸಿ ವಿಲ್ಸನ್, 1938ರಲ್ಲಿ ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್, 1941ರಲ್ಲಿ ಬೇರ್ವಾಲ್ಡ್ ಈ ಲೆಕ್ಕ ಬೆಳೆಸಿದರು. ಎಲ್‌ಪಿಗೆ ಹೆಚ್ಚು ಬಳಕೆಯಲ್ಲಿರುವ ಎರಡು ಬಿಂದು: 66.0 ಮಿ.ಮೀ. ಮತ್ತು 120.9 ಮಿ.ಮೀ.

ತ್ರಿಕೋನಮಿತಿಯಿಂದ ಬರುವ ಎರಡೇ ಸಂಬಂಧ ನೆನಪಿಡಿ:

(ಸೂಜಿ-ಪಿವಟ್ ಉದ್ದ)² − (ಸ್ಪಿಂಡಲ್-ಪಿವಟ್ ದೂರ)² = 66.0 × 120.9 = 7979

ಸೈನ್ (ಬಾಗು ಕೋನ) = (66.0 + 120.9) ÷ (2 × ಸೂಜಿ-ಪಿವಟ್ ಉದ್ದ)

ಸ್ಪಿಂಡಲಿನಿಂದ ಪಿವಟ್ 215 ಮಿ.ಮೀ. ಇರುವ ಟರ್ನ್‌ಟೇಬಲ್ ತಗೊಳ್ಳಿ. 215ರ ವರ್ಗ 46225. 7979 ಕೂಡಿಸಿ ವರ್ಗಮೂಲ ತೆಗೆದರೆ 232.8. ಅಂದ್ರೆ ಸೂಜಿ ಸ್ಪಿಂಡಲನ್ನ ದಾಟಿ 17.8 ಮಿ.ಮೀ. ಮುಂದಿರಬೇಕು, ಕೋನ 23.7 ಡಿಗ್ರಿ. ಈಗ ಕೋನ ಹಾಗೇ ಇಟ್ಟು ಸೂಜಿಯನ್ನ ಬರೀ 3 ಮಿ.ಮೀ. ಹಿಂದೆ ಕಟ್ಟಿದರೆ? 60 ಮಿ.ಮೀ. ತ್ರಿಜ್ಯದಲ್ಲಿ 0.8 ಡಿಗ್ರಿ ಇದ್ದ ತಪ್ಪು ಎದುರು ದಿಕ್ಕಿಗೆ ಸುಮಾರು 2 ಡಿಗ್ರಿ ಆಗ್ತದೆ.

ಒಳಗಿನ ಗೆರೆಯಲ್ಲೇ ಯಾಕೆ ಇಷ್ಟು ಕಾಳಜಿ? 33⅓ರಲ್ಲಿ ಹೊರ ಅಂಚಿಗೆ ಗೆರೆ ಸೆಕೆಂಡಿಗೆ ಸುಮಾರು 510 ಮಿ.ಮೀ. ಓಡಿದರೆ, ಒಳಗೆ 60 ಮಿ.ಮೀ. ತ್ರಿಜ್ಯದಲ್ಲಿ ಬರೀ 209. ಅಷ್ಟೇ ಹಾಡು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿಕೊಂಡಿರ್ತದೆ. ಅದಕ್ಕೇ ಎಲ್‌ಪಿಯ ಕೊನೆಯಲ್ಲಿ, ಗಾಯಕರು ತಾರಸ್ಥಾಯಿಗೆ ಹೋದಾಗ 'ಸ' ಅಕ್ಷರ ಚರಚರ ಅನ್ನೋದು. 78ರಲ್ಲಿ 50 ಮಿ.ಮೀ. ತ್ರಿಜ್ಯದಲ್ಲೂ ವೇಗ 408 ಇರುವುದರಿಂದ ಅದು ಈ ತಪ್ಪನ್ನ ಸ್ವಲ್ಪ ಹೆಚ್ಚು ಸಹಿಸ್ತದೆ.

ಪ್ರೊಟ್ರ್ಯಾಕ್ಟರನ್ನ ನೀವೇ ಕ್ಯಾಡ್‌ನಲ್ಲಿ ಬರೀಬಹುದು. ಸ್ಪಿಂಡಲಿಗೆ ಒಂದು ರಂಧ್ರ. ಅದರಿಂದ ಒಂದು ನೇರ ಗೆರೆ. ಆ ಗೆರೆಯ ಮೇಲೆ 66.0 ಮತ್ತು 120.9ಕ್ಕೆ ಚುಕ್ಕೆ, ಎರಡೂ ಚುಕ್ಕೆಯ ಸುತ್ತ ಆ ಗೆರೆಗೆ ಲಂಬವಾಗಿ ಸಮಾಂತರ ಗೆರೆಗಳು. ಜೊತೆಗೆ 100 ಮಿ.ಮೀ.ನ ಒಂದು ಗೆರೆ ಹಾಕಿ, ಪ್ರಿಂಟ್ ಆದ ಮೇಲೆ ಸ್ಟೀಲ್ ಸ್ಕೇಲಿನಿಂದ ಅದನ್ನ ಅಳೆಯಿರಿ. ಝೆರಾಕ್ಸ್ ಅಂಗಡಿಯ ಪ್ರಿಂಟರ್ 'ಫಿಟ್ ಟು ಪೇಜ್' ಮಾಡಿ 97 ಮಿ.ಮೀ. ಕೊಟ್ಟಿದ್ದರೆ ಆ ಕಾಗದ ಕೆಲಸಕ್ಕೆ ಬರೋದಿಲ್ಲ.

ಪ್ಲ್ಯಾಟರ್ ತಿರುಗದಂತೆ ಹಿಡಿದು ಸೂಜಿಯನ್ನ ಒಳ ಚುಕ್ಕೆಯ ಮೇಲೆ ಇಳಿಸಿ. ಕಾರ್ಟ್ರಿಜ್ ಡಬ್ಬಿಯನ್ನಲ್ಲ, ಕ್ಯಾಂಟಿಲಿವರನ್ನ ನೋಡಿ, ಗೆರೆಗಳಿಗೆ ಸಮಾಂತರ ಮಾಡಿ. ಆಮೇಲೆ ಕಾಗದ ತಿರುಗಿಸಿ ಹೊರ ಚುಕ್ಕೆಗೆ ಬನ್ನಿ. ಅಲ್ಲಿ ತಪ್ಪಿದರೆ ಕಾರ್ಟ್ರಿಜನ್ನ ಅರ್ಧ ಮಿ.ಮೀ. ಮುಂದಕ್ಕೆ ಸರಿಸಿ, ಮತ್ತೆ ಒಳ ಚುಕ್ಕೆ ಸರಿಮಾಡಿ, ಮತ್ತೆ ಹೊರಗೆ ನೋಡಿ. ತಪ್ಪು ಹೆಚ್ಚಾದರೆ ಹಿಂದಕ್ಕೆ ಸರಿಸಿ. ನ್ಯೂಮರಿಕಲ್ ಮೆಥಡ್ಸಿನ ಇಟರೇಶನ್ ಇದೇ. ಐದಾರು ಸುತ್ತಿಗೆ ಉತ್ತರ ಕೂಡ್ತದೆ. ಸ್ಕ್ರೂ ಬಿಗಿಯುವಾಗ ಪ್ರತಿ ಸಲ ಸೂಜಿಗೆ ಕವಚ ಹಾಕಿ.

6. ತೂಕ ಮತ್ತು ಉಳಿದದ್ದು

"ಸೂಜಿ ಹಗುರ ಇಟ್ಟಷ್ಟೂ ಪ್ಲೇಟಿಗೆ ಒಳ್ಳೇದು" ಅನ್ನೋದು ಬಹಳ ಕೇಳಿಬರುವ ಮಾತು. ಅದು ತಪ್ಪು. 1.5 ಗ್ರಾಂ ಅಂದ್ರೆ ಸುಮಾರು 15 ಮಿಲಿನ್ಯೂಟನ್. ಸೂಜಿ ತಾಗುವ ಜಾಗ ಒಟ್ಟು 30 ಚದರ ಮೈಕ್ರಾನ್ ಅಂತ ಹಿಡಿದರೆ ಒತ್ತಡ 500 ಮೆಗಾಪ್ಯಾಸ್ಕಲ್. ಮೈಲ್ಡ್ ಸ್ಟೀಲಿನ ಯೀಲ್ಡ್ ಸುಮಾರು 250. ಹೀಗಿದ್ದೂ ವಿನೈಲ್ ತಡೆದುಕೊಳ್ಳೋದು ಸಂಪರ್ಕ ಕ್ಷಣಮಾತ್ರದ್ದು, ಸ್ಥಿತಿಸ್ಥಾಪಕತೆಯಿಂದ ಅದು ಮತ್ತೆ ಮೊದಲಿನಂತಾಗ್ತದೆ ಅನ್ನೋ ಕಾರಣಕ್ಕೆ. ತೂಕ ತೀರಾ ಕಡಿಮೆಯಾದರೆ ಸೂಜಿ ಗೋಡೆಯನ್ನ ಬಿಟ್ಟು ಹಾರಿ, ಮತ್ತೆ ಬಂದು ಬಡೀತದೆ. ಆ ಪೆಟ್ಟು ಹೆಚ್ಚು ಕೆಡುಕು. ಕಾರ್ಟ್ರಿಜ್ ಕಂಪನಿ ಕೊಟ್ಟ ಮಿತಿಯ ಮೇಲ್ಭಾಗದ ಹತ್ತಿರ ಇಡಿ. ಮ್ಯೂವಿಂಗ್ ಮ್ಯಾಗ್ನೆಟ್ ಬಹಳಷ್ಟು 1.5ರಿಂದ 2 ಗ್ರಾಂ. ಹಳೇ ಸಿರಾಮಿಕ್ ಕಾರ್ಟ್ರಿಜ್ 4ರಿಂದ 6 ಗ್ರಾಂ ಬೇಡ್ತದೆ. ತೂಕವನ್ನ ಪ್ಲೇಟಿನ ಎತ್ತರದಲ್ಲೇ ಅಳೆಯಬೇಕು, ಇಲ್ಲದಿದ್ದರೆ ಓದು ತಪ್ಪಬಹುದು.

ಇನ್ನು ಮೂರು ಸಣ್ಣ ಪರೀಕ್ಷೆ. ಸೂಜಿ ಇಳಿದಾಗ ಆರ್ಮ್ ಪ್ಲೇಟಿಗೆ ಸಮಾಂತರ ಇರಬೇಕು. ಸಣ್ಣ ಕನ್ನಡಿಯ ಮೇಲೆ ಸೂಜಿ ಇಳಿಸಿ ಎದುರಿನಿಂದ ನೋಡಿದರೆ ಕಾರ್ಟ್ರಿಜ್ ಮತ್ತು ಅದರ ಪ್ರತಿಬಿಂಬ ಒಂದೇ ನೇರದಲ್ಲಿ ಇರಬೇಕು, ವಾಲಬಾರದು. ಆರ್ಮಿನ ಬಾಗಿನಿಂದಾಗಿ ಘರ್ಷಣೆ ಸೂಜಿಯನ್ನ ಒಳಕ್ಕೆ ಎಳೀತದೆ. ಅದನ್ನ ಸರಿದೂಗಿಸುವ ಆ್ಯಂಟಿ-ಸ್ಕೇಟಿಂಗ್ ಗುಂಡಿ ಇದ್ದರೆ ತೂಕದ ಸಂಖ್ಯೆಗೇ ಇಟ್ಟು ಶುರುಮಾಡಿ.

ವೇಗಕ್ಕೆ ಸ್ಟ್ರೋಬ್ ಚಕ್ರ ಪ್ರಿಂಟ್ ಮಾಡಿ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಹಳೇ ಬಲ್ಬು ಸೆಕೆಂಡಿಗೆ 100 ಸಲ ಮಿನುಗ್ತದೆ. 33⅓ಕ್ಕೆ 180 ಪಟ್ಟಿ, 78ಕ್ಕೆ 77 ಪಟ್ಟಿ ಹಾಕಿದರೆ ಅವು ನಿಂತಂಗೆ ಕಾಣ್ತವೆ. ಒಳ್ಳೆ ಎಲ್‌ಇಡಿ ಬಲ್ಬಿನಡಿ ಕಾಣೋದಿಲ್ಲ, ಅದು ಹಾಗೆ ಮಿನುಗೋದಿಲ್ಲ.

7. ಮೊದಲ ಸಲ ಹಚ್ಚುವಾಗ

ಮನೆಯ ಅಮೂಲ್ಯ ಪ್ಲೇಟನ್ನ ಮೊದಲು ಹಚ್ಚಬೇಡಿ. ಎಲ್ಲೆಡೆ ಸಿಗುವ, ಗೀಚಿದ ಯಾವುದೋ ಒಂದು ಪ್ಲೇಟಿನ ಒಳಗಿನ ಗೆರೆಗಳನ್ನ ಕೇಳಿ. ಅಲ್ಲಿ 'ಸ', 'ಶ' ಸ್ವಚ್ಛವಾಗಿ ಬಂದರೆ ಮುಂದಿನ ಹೆಜ್ಜೆ. ಬೇಕಾದ ಪ್ಲೇಟನ್ನ ತೊಳೆದು, ಒಣಗಿಸಿ, ರೆಕಾರ್ಡಿಂಗ್ ಮೊದಲೇ ಶುರುಮಾಡಿ ಆಮೇಲೆ ಸೂಜಿ ಇಳಿಸಿ. ಎಂಪಿ3 ಅಲ್ಲ, ಡಬ್ಲ್ಯೂಎವಿ ಫೈಲಾಗಿ ಉಳಿಸಿ. ಗದ್ದಲ ತೆಗೆಯೋದೆಲ್ಲ ಅದರ ಪ್ರತಿಯ ಮೇಲೆ. ಲೇಬಲ್ಲಿನ ಎರಡೂ ಬದಿಯ ಫೋಟೋ ತೆಗೆಯಿರಿ. ಪ್ಲೇಟಿನ ನಂಬರು ಅದರಲ್ಲಿರ್ತದೆ. ಕೆಲಸ ಮುಗಿದ ಮೇಲೆ ಪ್ಲೇಟುಗಳನ್ನ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ತಗಡಿನ ಕೆಳಗಿನ ಅಟ್ಟದಲ್ಲಿ ವಿನೈಲ್ ಬಾಗಿಬಿಡ್ತದೆ.

ಪ್ರತಿ ಅಳತೆಯನ್ನ ಬರೆದಿಡಿ: ಸ್ಪ್ರಿಂಗಿನ ಆವೃತ್ತಿ, ಪಿವಟ್ ದೂರ, ಸೂಜಿಯ ಚಾಚು, ತೂಕ, ತುದಿಯ ಗಾತ್ರ. ನಾಳೆ ಇನ್ನೊಬ್ಬರು ಅದೇ ಪ್ಲೇಟನ್ನ ಕೇಳಬೇಕಾದರೆ ಆ ಚೀಟಿ ನೋಡಿ ನೇರ ಕೆಲಸಕ್ಕೆ ಇಳೀತಾರೆ. ಈ ರಜೆಗೆ ಊರಿಗೆ ಹೋದಾಗ ಹಿರಿಯರನ್ನ ಕೇಳಿ, ಟ್ರಂಕಿನಲ್ಲಿ ಏನೇನಿದೆ ಅಂತ ಬರೀ ಲೇಬಲ್ಲುಗಳ ಪಟ್ಟಿ ಮಾಡಿಕೊಂಡು ಬನ್ನಿ. ಹಚ್ಚೋ ಅವಸರ ಬೇಡ. ಪಟ್ಟಿಯನ್ನೂ ಅಳತೆಗಳನ್ನೂ ಸಂಘಕ್ಕೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಯಾವ ಪ್ಲೇಟನ್ನ ಮೊದಲು ಉಳಿಸಬೇಕು ಅಂತ ಸೇರಿ ನೋಡೋಣ.